ಲಿಫಿ ದಡದಲ್ಲಿ ಕಾಫಿಯ ಘಮ

ಐರ್ಲೆಂಡಿನ ರಾಜಧಾನಿ ಡಬ್ಲಿನ್. ಊರ ನಡುವೆ ಹರಿಯುವ ಲಿಫಿ ನದಿಯ ದಕ್ಷಿಣ ದಂಡೆಯ ಬಳಿ ಸೇಂಟ್ ಜೇಮ್ಸ್ ಗೇಟ್ ಎಂಬ ಜಾಗವಿದೆ. ಗಾಳಿ ಅತ್ತಲಿಂದ ಬೀಸಿದಾಗ ಮೂಗಿಗೆ ಬಡಿಯುವ ವಾಸನೆ ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯನ್ನು ನೆನಪಿಗೆ ತರುತ್ತದೆ. ಆದರೆ ಅಲ್ಲಿ ಹುರಿಯುವುದು ಕಾಫಿ ಬೀಜವನ್ನಲ್ಲ, ಬಾರ್ಲಿಯನ್ನು. ಕಪ್ಪು ಬಿಯರಿಗೆ ಹೆಸರಾದ ಗಿನ್ನೆಸ್ ಕಾರ್ಖಾನೆ ಇರುವುದು ಇಲ್ಲೇ.

ಆರ್ಥರ್ ಗಿನ್ನೆಸ್ 1759ರಲ್ಲಿ ಈ ಜಾಗವನ್ನು ವರ್ಷಕ್ಕೆ 45 ಪೌಂಡಿನಂತೆ ಗುತ್ತಿಗೆಗೆ ಪಡೆದ. ಅವಧಿ ಎಷ್ಟೆಂದರೆ, ಬರೋಬ್ಬರಿ 9,000 ವರ್ಷ! ಮುಂದೆ ಕಂಪೆನಿ ಜಾಗವನ್ನೇ ಕೊಂಡದ್ದರಿಂದ ಆ ಗುತ್ತಿಗೆಗೆ ಈಗ ಕೆಲಸವಿಲ್ಲ.

1904ರಲ್ಲಿ ಹುದುಗು ಬರಿಸಲೆಂದು ಕಟ್ಟಿದ ಏಳು ಅಂತಸ್ತಿನ ಕಟ್ಟಡ 2000ದಿಂದ ಪ್ರವಾಸಿಗಳಿಗೆ ತೆರೆದಿದೆ. ಅಪ್ಪ ಅಮ್ಮನ ಜೊತೆ ಮಕ್ಕಳೂ ಬರುತ್ತಾರೆ. 18 ತುಂಬದವರಿಗೆ ಮಾತ್ರ ಬಿಯರ್ ಇಲ್ಲ. ಅವರಿಗೆ ನೋಡುವುದಕ್ಕೇ ಬೇಕಾದಷ್ಟಿದೆ. ಕಪ್ಪೆನ್ನುವ ಆ ಬಿಯರನ್ನು ಬೆಳಕಿಗೆ ಹಿಡಿದರೆ ಮಾಣಿಕ್ಯದಂಥ ಕೆಂಪು. ಗ್ಲಾಸಿನ ಅಂಚಿನಲ್ಲಿ ಗುಳ್ಳೆಗಳು ಮೇಲೇರುವ ಬದಲು ಕೆಳಗಿಳಿಯುತ್ತವೆ. ಮೇಲೆ ಅಗಲವಾಗಿರುವ ಗ್ಲಾಸಿನ ನಡುವೆ ದ್ರವ ಮೇಲೇರಿ ಅಂಚಿನಲ್ಲಿ ಇಳಿಯುವಾಗ ಸಣ್ಣ ಗುಳ್ಳೆಗಳನ್ನೂ ಎಳೆದೊಯ್ಯುತ್ತದೆ ಎಂದು ಲಿಮರಿಕ್ ವಿಶ್ವವಿದ್ಯಾಲಯದ ಗಣಿತಜ್ಞರು 2012ರಲ್ಲಿ ತೋರಿಸಿಕೊಟ್ಟರು. ಗುಳ್ಳೆಗಳು ಅಷ್ಟು ಸಣ್ಣದಾಗಲು ಸಾರಜನಕ ಕಾರಣ. 1959ರಲ್ಲಿ ಅದನ್ನು ಬಳಕೆಗೆ ತಂದ ಮೈಕೆಲ್ ಆ್ಯಶ್ ಕೂಡ ಗಣಿತ ಓದಿದವರೇ.

ಇನ್ನು ರುಚಿ. ಮೊದಲು ತುಟಿಗೆ ಕೆನೆಯಂಥ ನೊರೆ, ಆಮೇಲೆ ನಾಲಿಗೆಗೆ ತುಸು ಹುಳಿ, ಕೊನೆಗೆ ಹಾಲಿಲ್ಲದ ಕಾಫಿಯ ಒಣ ಕಹಿ. ಕಾಫಿ ಬೀಳದೆ ಕಾಫಿಯ ರುಚಿ ಎಲ್ಲಿಂದ ಬಂತು? ಬಾರ್ಲಿಯನ್ನು 200 ಡಿಗ್ರಿ ಸೆಲ್ಸಿಯಸ್ ದಾಟಿಸಿ ಹುರಿದಾಗ ಅದರ ಸಕ್ಕರೆಯೂ ಅಮೈನೋ ಆಮ್ಲಗಳೂ ಕೂಡಿ ನೂರಾರು ಹೊಸ ಸಂಯುಕ್ತಗಳಾಗುತ್ತವೆ. ಫ್ರಾನ್ಸಿನ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆಯಿದು. ಕಾಫಿ ಬೀಜ ಹುರಿದಾಗಲೂ, ಕಾವಲಿಯ ಮೇಲೆ ದೋಸೆ ಕಂದಾದಾಗಲೂ ನಡೆಯುವುದು ಇದೇ. ನಿಜವಾದ ಕಾಫಿಯನ್ನೇ ಬೆರೆಸಿದ ಕಪ್ಪು ಬಿಯರುಗಳೂ ಇವೆ. 2021ರಲ್ಲಿ ಗಿನ್ನೆಸ್ ಕೂಡ ಅಮೆರಿಕದಲ್ಲಿ ಅಂಥದ್ದೊಂದನ್ನು ಮಾರಾಟಕ್ಕೆ ತಂದಿತು. ಒಂದೇ ಕ್ರಿಯೆಯ ಕೂಸುಗಳಾದ್ದರಿಂದ ಎರಡೂ ರುಚಿಗಳು ಹೊಂದಿಕೊಳ್ಳುವುದು ಸಹಜ.

ರುಚಿಯನ್ನು ನಾಲಿಗೆ ಹೇಳೀತು. ಆದರೆ ರಾಶಿ ರಾಶಿ ಬಾರ್ಲಿ ಕೊಳ್ಳುವ ಕಾರ್ಖಾನೆ ನಾಲಿಗೆಯನ್ನೇ ನಂಬಿ ಕೂರಲಾಗದು. 1899ರಲ್ಲಿ ಆಕ್ಸ್‌ಫರ್ಡಿನಲ್ಲಿ ಗಣಿತ, ರಸಾಯನಶಾಸ್ತ್ರ ಓದಿದ 23ರ ಯುವಕ ವಿಲಿಯಂ ಸೀಲಿ ಗಾಸೆಟ್ ಇಲ್ಲಿ ಕೆಲಸಕ್ಕೆ ಸೇರಿದ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎನ್ನುತ್ತೇವೆ. ಪಾತ್ರೆಯ ಅಗುಳುಗಳೆಲ್ಲ ಒಂದೇ ನೀರಲ್ಲಿ ಕುದಿಯುವುದರಿಂದ ಅದು ಸರಿ. ಹೊಲದ ಬಾರ್ಲಿ ಹಾಗಲ್ಲ. ಈ ಮೂಲೆಯ ಫಸಲು ಆ ಮೂಲೆಯಂತಿರದು. ನಾಲ್ಕೈದು ಮಾದರಿ ಮಾತ್ರ ಕೈಯಲ್ಲಿದ್ದಾಗ ಅದರಿಂದ ಬಂದ ಸರಾಸರಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ಅಂದಿನ ಲೆಕ್ಕಗಳು ನೂರಾರು ಮಾದರಿ ಬೇಡುತ್ತಿದ್ದವು. ಗಾಸೆಟ್ ಲಂಡನ್ನಿಗೆ ಹೋಗಿ ಕಾರ್ಲ್ ಪಿಯರ್ಸನ್ನರ ಬಳಿ ಕಲಿತು, ಕೆಲವೇ ಮಾದರಿಗಳಿಂದ ತೀರ್ಮಾನಕ್ಕೆ ಬರುವ ದಾರಿ ಕಂಡುಕೊಂಡ.

1908ರಲ್ಲಿ ಆ ಪ್ರಬಂಧ 'ಬಯೋಮೆಟ್ರಿಕಾ' ಪತ್ರಿಕೆಯಲ್ಲಿ ಅಚ್ಚಾಯಿತು. ಆದರೆ ಗಾಸೆಟ್ ಹೆಸರು ಅದರಲ್ಲಿರಲಿಲ್ಲ. ನೌಕರರು ಸ್ವಂತ ಹೆಸರಿನಲ್ಲಿ ಸಂಶೋಧನೆ ಪ್ರಕಟಿಸಲು ಕಂಪೆನಿ ಒಪ್ಪುತ್ತಿರಲಿಲ್ಲ. ಆತ ಇಟ್ಟುಕೊಂಡ ಹೆಸರು 'ಸ್ಟೂಡೆಂಟ್', ಅಂದರೆ ವಿದ್ಯಾರ್ಥಿ. ಕೃಷಿ, ವೈದ್ಯಕೀಯ ಓದುವ ನಮ್ಮ ಮಕ್ಕಳೂ ಇಂದು ಮಾಡುವ 'ಸ್ಟೂಡೆಂಟ್ಸ್ ಟಿ ಪರೀಕ್ಷೆ' ಇದೇ. ವಿದ್ಯಾರ್ಥಿಗಳಿಗಾಗಿ ಇರುವ ಪರೀಕ್ಷೆಯೆಂದು ತಿಳಿದವರೂ ಉಂಟು.

ಗಾಸೆಟ್ ತೀರಿಕೊಂಡದ್ದು 1937ರಲ್ಲಿ, ಅದೇ ಕಂಪೆನಿಯ ನೌಕರಿಯಲ್ಲಿದ್ದಾಗ. ಸೇಂಟ್ ಜೇಮ್ಸ್ ಗೇಟಿಗೆ ಬರುವ ಪ್ರವಾಸಿ ಒಂದು ಗ್ಲಾಸು ಕುಡಿದು, ಮೇಲಂತಸ್ತಿನಿಂದ ಊರು ನೋಡಿ ಹೊರಡುತ್ತಾನೆ. ಬಿಯರ್ ಮುಟ್ಟದವರ ಮನೆಗೂ ಅಲ್ಲಿಂದ ಒಂದು ವಸ್ತು ಬಂದಿದೆ. ಅದು ಔಷಧದ ಪರೀಕ್ಷೆಯಲ್ಲಿದೆ, ಬಿತ್ತನೆ ಬೀಜದ ಆಯ್ಕೆಯಲ್ಲಿದೆ, ಮಕ್ಕಳ ಪಠ್ಯಪುಸ್ತಕದಲ್ಲಿದೆ.