ಎಂಜಿನ್ ಬಿಚ್ಚಿಲ್ರಿ!

ಹಳೆ ಗಾಡಿ ಮಾರುವವರ ಬಾಯಲ್ಲಿ ಮೂರು ಮಾತು ಸದಾ ಸಿದ್ಧವಾಗಿರುತ್ತವೆ. "ಡಾಕ್ಟರ ಗಾಡಿರಿ." "ಒಂದ ಕೈ ಗಾಡಿರಿ." "ಎಂಜಿನ್ ಇನ್ನೂ ಬಿಚ್ಚಿಲ್ರಿ." ಬಾಗಲಕೋಟೆಯ ನವನಗರಕ್ಕೆ ಹೋದರೂ ಇದೇ, ಇಳಕಲ್ಲಿಗೆ ಹೋದರೂ ಇದೇ. ಡಾಕ್ಟರ ಗಾಡಿ ಎಂದರೆ ಮೆತ್ತಗೆ ಓಡಿಸಿದ್ದು ಎಂದು ನಾವು ತಿಳಿದುಕೊಳ್ಳಬೇಕಂತೆ. ನಡುರಾತ್ರಿ ಹೆರಿಗೆಗೆ ಕರೆ ಬಂದಾಗ ಆ ಡಾಕ್ಟರು ತಣ್ಣಗಿದ್ದ ಎಂಜಿನ್ನಿನ ಮೇಲೆ ಎಷ್ಟು ಕರುಣೆ ತೋರಿಸಿದ್ದರೋ ಯಾರು ಬಲ್ಲರು? ಇನ್ನು ಮೂವತ್ತು ವರ್ಷ ಓಡಿದ ಎಂಜಿನ್ ಬಿಚ್ಚಿಲ್ಲ ಎಂಬುದನ್ನು ಹೊಗಳಿಕೆ ಎಂದು ಮೊದಲು ಹೇಳಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ನನ್ನ ಕಿವಿಗಂತೂ ಅದು ತಪ್ಪೊಪ್ಪಿಗೆಯಂತೆಯೇ ಕೇಳುತ್ತದೆ.

ನಾನು ಹೇಳಹೊರಟಿರುವುದು ಕಾಂಟೆಸಾ ಕಾರಿನ ಮಾತು. ಅಮೆರಿಕದವರು 1964ರ ಹೊತ್ತಿಗೆ ಪಾಂಟಿಯಾಕ್ ಜಿಟಿಓ, ಫೋರ್ಡ್ ಮಸ್ಟಾಂಗ್ ಎಂದು ಉದ್ದ ಮೂತಿಯ, ಗುಡುಗುವ ಗಾಡಿಗಳನ್ನು ರಸ್ತೆಗೆ ಬಿಟ್ಟರು. ನಮ್ಮಲ್ಲಿ ಆ ಆಸೆಗೆ ಸಿಕ್ಕಿದ್ದು ಒಂದೇ ಗಾಡಿ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿ 1970ರ ದಶಕದಲ್ಲಿ ಮಾಡಿ ಕೈಬಿಟ್ಟಿದ್ದ ಕಾರಿನ ಅಚ್ಚನ್ನು ತಂದು, ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್‌ನವರು 1984ರಲ್ಲಿ ಹೊರತಂದ ಕಾಂಟೆಸಾ. ಉದ್ದ ಬಾನೆಟ್ಟು, ಮುಂದೆ ನಾಲ್ಕು ದೀಪ, ಹಿಂದಿನ ಗಾಲಿ ತಳ್ಳುವ ಓಟ. ಸಿನಿಮಾದಲ್ಲಿ ಖಳನಾಯಕ ಇಳಿಯುತ್ತಿದ್ದದ್ದು ಇದರಿಂದಲೇ, ಊರಿಗೆ ಬಂದ ಮಂತ್ರಿ ಇಳಿಯುತ್ತಿದ್ದದ್ದೂ ಇದರಿಂದಲೇ. ಈಗ ಮೂವತ್ತು ದಾಟದ ಹುಡುಗರು ಮೊಬೈಲಿನಲ್ಲಿ ಅದರ ವಿಡಿಯೋ ನೋಡಿ, "ಕಾಕಾ, ಒಂದ್ ಕಾಂಟೆಸಾ ಬಂದೈತಂತ, ನೋಡಾಕ ಬರ್ತೀರೇನ್ರಿ?" ಎಂದು ಕರೆಯಲು ಬರುತ್ತಾರೆ. ನಾನು ಇಲ್ಲ ಎನ್ನುವವನಲ್ಲ. ದುಡ್ಡು ಅವರದು, ನೋಡುವ ಸುಖ ನನ್ನದು.

ಆ ಮೈಕಟ್ಟು ನೋಡಿ ಮೋಸಹೋಗಬಾರದು. ಮೊದಲು ಬಂದ ಕಾಂಟೆಸಾಗಳಲ್ಲಿ ಇದ್ದದ್ದು ಅಂಬಾಸಡರ್ ಕಾರಿನದೇ 1489 ಸಿಸಿ ಎಂಜಿನ್. ಸುಮಾರು 50 ಅಶ್ವಶಕ್ತಿ, ನಾಲ್ಕು ಗೇರು. ಅಷ್ಟು ದೊಡ್ಡ ದೇಹವನ್ನು ಅದು ಏದುಸಿರು ಬಿಡುತ್ತ ಎಳೆಯುತ್ತಿತ್ತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಜಪಾನಿನ ಇಸುಜು ಕಂಪನಿಯ 1817 ಸಿಸಿ ಪೆಟ್ರೋಲ್ ಎಂಜಿನ್ನೂ ಐದು ಗೇರಿನ ಬಾಕ್ಸೂ ಬಂದವು. ಆಮೇಲೆ ಇಸುಜು ಡೀಸೆಲ್ಲೂ ಬಂತು. ಹೊರಗಿನಿಂದ ಎಲ್ಲವೂ ಒಂದೇ ತಾಯಿಯ ಮಕ್ಕಳು. ಹೀಗಾಗಿ ನೋಡಲು ಹೋದವರು ಮೊದಲು ಕೇಳಬೇಕಾದದ್ದು ಬಾನೆಟ್ಟಿನ ಕೆಳಗೆ ಯಾವುದು ಕೂತಿದೆ ಎಂದು. ಮಾರುವವನ ಮಾತು ಬೇಡ, ಬಾನೆಟ್ಟು ಎತ್ತಿಸಬೇಕು. ಪೆಟ್ರೋಲು ತುಟ್ಟಿಯಾದ ಕಾಲದಲ್ಲಿ ಎಷ್ಟೋ ಜನ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಏರಿಸಿಕೊಂಡಿದ್ದಾರೆ. ಆರ್.ಸಿ. ಪುಸ್ತಕದಲ್ಲಿ ಮಾತ್ರ ಇನ್ನೂ ಪೆಟ್ರೋಲ್ ಎಂದೇ ಇರುತ್ತದೆ. ಅಂಥ ಗಾಡಿ ಎಷ್ಟೇ ಚೆನ್ನಾಗಿ ಓಡಲಿ, ಆರ್.ಟಿ.ಓ. ಅಂಗಳಕ್ಕೆ ಹೋದ ದಿನ ಅದರ ಓಟ ನಿಲ್ಲುತ್ತದೆ.

ತಪಾಸಣೆಗೆ ಬೆಳಗ್ಗೆಯೇ ಹೋಗುವುದು ಲೇಸು, ಅದೂ ಹೇಳಿದ ಹೊತ್ತಿಗಿಂತ ಅರ್ಧ ತಾಸು ಮೊದಲು. ಹೋದ ಕೂಡಲೇ ಮಾತಿಗಿಂತ ಮುಂಚೆ ಬಾನೆಟ್ಟಿನ ಮೇಲೆ ಅಂಗೈ ಇಡಬೇಕು. ಬೆಚ್ಚಗಿದ್ದರೆ ನಮಗಾಗಿ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆ ಎಂದಾಯಿತು. ಆರಿದ ಮೇಲೆ ಬರುತ್ತೇವೆ ಎಂದು ಚಹಾ ಕುಡಿಯಲು ಹೋಗಬೇಕು. ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ಹಿಂದೆ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಒಳಗೆ ಹಾಲು ಬೆರೆಸಿದ ಚಹಾದ ಬಣ್ಣದ ನೊರೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಆಯಿಲ್ ಕೂಡಿರಬಹುದು. ಆಮೇಲೆ ಇಳಕಲ್ಲಿನಿಂದ ಹುನಗುಂದದ ದಾರಿ ಹಿಡಿದು ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಓಡಿಸಬೇಕು. ಎರಡನೇ ಗೇರಿನಲ್ಲಿ ಒತ್ತಿ ಕಾಲು ತೆಗೆದಾಗ ಗೇರು ತಾನೇ ಹೊರಗೆ ಜಿಗಿಯುತ್ತದೆಯೇ? ಕ್ಲಚ್ಚು ಹಿಡಿದು ಬಿಟ್ಟಾಗಲೆಲ್ಲ ಕೆಳಗೆ ಟಕ್ ಎಂದರೆ ಶಾಫ್ಟಿನ ಕ್ರಾಸು ಸವೆದಿದೆ, ಹಿಂದಿನಿಂದ ಒಂದೇ ಸಮನೆ ಊಳಿಟ್ಟರೆ ಕ್ರೌನು. ಹುನಗುಂದದಲ್ಲಿ ಆರಿಸಿ, ಹತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕು. ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ ಬಿಸಿಯಾದ ಮೇಲೆ ಚಾಲೂ ಆಗದ ಗಾಡಿ ಮನೆ ಮುಂದೆ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳಲು ಮಾತ್ರ.

ಇದನ್ನೆಲ್ಲ ಯಾವ ಮಿಸ್ತ್ರಿಯಾದರೂ ಹೇಳಿಕೊಟ್ಟಾನು. ನನ್ನ ತಕರಾರು ಬೇರೆ ಇದೆ. ಬಂದವರೆಲ್ಲ ಎಂಜಿನ್ನಿನ ಸದ್ದಿಗೇ ಕಿವಿ ಕೊಟ್ಟು, ತಲೆ ಅಲ್ಲಾಡಿಸಿ, ಅಲ್ಲೇ ಮುಂಗಡ ಕೊಟ್ಟುಬಿಡುತ್ತಾರೆ. ಕಾಂಟೆಸಾದಲ್ಲಿ ಎಂಜಿನ್ ಚಿಂತೆ ಎಲ್ಲಕ್ಕಿಂತ ಸಣ್ಣದು. ಹಳೆಯ ಎಂಜಿನ್ ಅಂಬಾಸಡರ್‌ದು. 1993ರಲ್ಲಿ ಆ ಇಸುಜು ಪೆಟ್ರೋಲ್ ಎಂಜಿನ್ನನ್ನೇ ಅಂಬಾಸಡರ್‌ಗೂ ಕೂಡಿಸಿದರು. ಅಂಬಾಸಡರ್ 2014ರವರೆಗೆ ತಯಾರಾಗುತ್ತಲೇ ಇತ್ತು. ರಿಂಗು, ಪಿಸ್ಟನ್ನು, ಬೇರಿಂಗು ಹುಡುಕಿದರೆ ಇಂದಿಗೂ ದಕ್ಕುತ್ತವೆ, ಕೂಡಿಸಲು ಬಲ್ಲ ಕೈಗಳೂ ಊರೂರಿಗೆ ಇವೆ. ಆದರೆ ಹಿಂದಿನ ದೀಪದ ಕೆಂಪು ಗ್ಲಾಸು? ಮುಂದಿನ ದೊಡ್ಡ ಗಾಜು? ಬಾಗಿಲಿನ ರಬ್ಬರ್ ಬೀಡಿಂಗು? ಇವು ಕಾಂಟೆಸಾದವು ಮಾತ್ರ, ಆ ಕಾರು ಮಾಡುವುದನ್ನು ನಿಲ್ಲಿಸಿದ್ದು 2002ರಲ್ಲಿ. ಎಂಜಿನ್ ಕೂಡಿಸಿದ ತಿಂಗಳೊಳಗೆ ಗಾಡಿ ರಸ್ತೆಗೆ ಬರುತ್ತದೆ. ಒಂದು ದೀಪದ ಗ್ಲಾಸು ಒಡೆದರೆ ಅದಕ್ಕಾಗಿ ವರ್ಷಗಟ್ಟಲೆ ಗುಜರಿ ಅಂಗಡಿ ಅಲೆಯಬೇಕಾಗುತ್ತದೆ. ನಂಬಿಕಸ್ಥ ಗಾಡಿ ಯಾವುದು ಎಂದು ಕೇಳಿದರೆ, ಸಿಗಲಾರದ ಸಾಮಾನುಗಳೆಲ್ಲ ನೆಟ್ಟಗಿರುವುದು ಎಂದು ನಾನು ಹೇಳುವೆ. ಎಂಜಿನ್ ಹೊಗೆ ಬಿಟ್ಟರೂ ಬಿಡಲಿ, ರೇಟಿನಲ್ಲಿ ಮುರಿದುಕೊಂಡರಾಯಿತು.

ಬನಶಂಕರಿ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ಎಣಿಸಿ, ಗೊರಸು ಎತ್ತಿ ನೋಡಿ, ಕೊನೆಗೆ "ಯಾವೂರ ಎತ್ತೋ ತಮ್ಮಾ?" ಎಂದು ಕೇಳುತ್ತಾರಲ್ಲ, ಆ ಪ್ರಶ್ನೆ ಗಾಡಿಗೂ ಸಲ್ಲುತ್ತದೆ. ಇಳಕಲ್ಲಿನ ಗಾಡಿಯಾದರೆ ಏರ್ ಕ್ಲೀನರ್ ಮೊದಲು ಬಿಚ್ಚಿಸುತ್ತೇನೆ. ಗ್ರಾನೈಟ್ ಕ್ವಾರಿಗಳ ದಾರಿಯಲ್ಲಿ ಓಡಾಡಿದ ಎಂಜಿನ್ ಸೂಕ್ಷ್ಮ ಕಲ್ಲುಪುಡಿ ನುಂಗಿರುತ್ತದೆ, ಅದು ಸಿಲಿಂಡರನ್ನು ಉಜ್ಜಿ ಉಜ್ಜಿ ತಿಂದಿರುತ್ತದೆ. ಹುನಗುಂದದ ಕಡೆಯದಾದರೆ ಗಾಲಿಯ ಮೇಲಿನ ತಗಡಿನ ಒಳಮೈಗೆ ಬೆರಳು ಹಾಕುತ್ತೇನೆ. ಎರೆಮಣ್ಣು ಮಳೆಗಾಲದಲ್ಲಿ ಮೆತ್ತಿಕೊಂಡರೆ ತಿಂಗಳುಗಟ್ಟಲೆ ತೇವ ಹಿಡಿದಿಟ್ಟು ಒಳಗಿಂದೊಳಗೇ ತುಕ್ಕು ತರುತ್ತದೆ. ಮೇಲೆ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದರೆ ಕಣ್ಣಿಗೆ ಕಾಣದು. ಬಟ್ಟೆ ಸುತ್ತಿದ ಅಯಸ್ಕಾಂತ ಕಿಸೆಯಲ್ಲಿರಲಿ. ಅದು ತಗಡಿಗೆ ಅಂಟುತ್ತದೆ, ಪುಟ್ಟಿಗೆ ಅಂಟುವುದಿಲ್ಲ. ಅಯಸ್ಕಾಂತ ತೆಗೆದ ಕೂಡಲೇ ಮಾರುವವನ ಮುಖ ನೋಡಿದರೆ ಅರ್ಧ ತಪಾಸಣೆ ಮುಗಿದಂತೆ.

ಬಾದಾಮಿಯ ಗಾಡಿಗಳದು ಬೇರೆಯೇ ಕಥೆ. ಪ್ರವಾಸಿಗಳನ್ನು ಕೂರಿಸಿಕೊಂಡು ಪಟ್ಟದಕಲ್ಲು, ಐಹೊಳೆ ಎಂದು ನಿಂತು ಹೊರಟು ನಿಂತು ಹೊರಟು ಕ್ಲಚ್ಚು ಸವೆದಿರುತ್ತದೆ. ಅದು ದೊಡ್ಡದಲ್ಲ. ಅಲ್ಲಿ ಹೆದರಬೇಕಾದದ್ದು ಮಂಗಗಳಿಗೆ. ಗುಹೆಗಳ ಕೆಳಗೆ ನಿಲ್ಲಿಸಿದ ಗಾಡಿಯ ಟಾಪಿನ ಮೇಲೆ ಅವು ಹಾರಿ ಹಾರಿ ತಗ್ಗು ಬೀಳಿಸುತ್ತವೆ, ವೈಪರ್ ಕೀಳುತ್ತವೆ, ಗಾಜಿನ ಸುತ್ತಲಿನ ಬೀಡಿಂಗನ್ನು ಎಳೆ ಎಳೆಯಾಗಿ ಹರಿದು ರುಚಿ ನೋಡುತ್ತವೆ. ಸಿಗಲಾರದ ಸಾಮಾನು ಯಾವುದೆಂದು ಅವಕ್ಕೂ ಗೊತ್ತಿದ್ದಂತಿದೆ.

ಬಾಗಲಕೋಟೆಯ ನವನಗರದ್ದಾದರೆ ಬಹುಮಟ್ಟಿಗೆ ತಗಡಿನ ಶೆಡ್ಡಿನಲ್ಲಿ, ಹೊದಿಕೆ ಹೊದ್ದು ನಿಂತ ಗಾಡಿ. ಫಳಫಳ ಹೊಳೆಯುತ್ತದೆ, ಹುಡುಗರು ಅದಕ್ಕೇ ಮರುಳಾಗುತ್ತಾರೆ. ನಿಂತ ಗಾಡಿಯನ್ನು ಓಡಿದ ಗಾಡಿಗಿಂತ ಹೆಚ್ಚು ಸಂಶಯದಿಂದ ನೋಡಬೇಕು. ಬ್ರೇಕಿನ ರಬ್ಬರುಗಳು ಉಬ್ಬಿರುತ್ತವೆ, ಪೆಟ್ರೋಲ್ ಟಾಕಿಯ ಒಳಗೆ ತುಕ್ಕು ಕೂತಿರುತ್ತದೆ, ವೈರಿಂಗನ್ನು ಇಲಿ ಕಡಿದಿರುತ್ತದೆ. ಟೈರಿನ ಗೀರು ಹೊಸದರಂತೆ ಕಂಡರೂ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ಓದಬೇಕು. 2309 ಎಂದಿದ್ದರೆ ಅದು 2009ರ 23ನೇ ವಾರದ ಟೈರು, ಕಲ್ಲಾಗಿರುತ್ತದೆ. ಜೊತೆಗೆ ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಹಳೆಯ ಕಾಲದ ಪೈಪು, ವಾಷರುಗಳಿಗೆ ಅದು ಆಗಿಬರುವುದಿಲ್ಲ. ಮುಧೋಳ, ಜಮಖಂಡಿಯ ಕಬ್ಬು ನಮ್ಮದೇ ಜಿಲ್ಲೆಯ ಹಳೆ ಗಾಡಿಗಳ ರಬ್ಬರು ತಿನ್ನುತ್ತಿದೆ ಎಂದರೆ ಯಾರ ಮೇಲೆ ಸಿಟ್ಟಾಗುವುದು?

ಮೀಟರಿನ ಮಾತನ್ನು ನಾನು ಎತ್ತುವುದೇ ಇಲ್ಲ. ಐದೇ ಅಂಕಿಯ ಮೀಟರು 99,999 ದಾಟಿದ ಮೇಲೆ ಮತ್ತೆ ಸೊನ್ನೆಯಿಂದ ಹುಟ್ಟಿಬರುತ್ತದೆ. "ಬರೇ ನಲವತ್ತ ಸಾವಿರ ಓಡೇತ್ರಿ" ಎಂದರೆ ಎಷ್ಟನೆಯ ಜನ್ಮದ ನಲವತ್ತು ಎಂದು ಕೇಳಬೇಕಾಗುತ್ತದೆ. ಅದಕ್ಕಿಂತ ಕ್ಲಚ್ ಪೆಡಲಿನ ರಬ್ಬರು, ಡ್ರೈವರನ ಕುರ್ಚಿಯ ಅಂಚು ಹೆಚ್ಚು ನಿಜ ಹೇಳುತ್ತವೆ.

ಕಾಗದ ಪತ್ರ ಕೊನೆಯದು, ಸುಲಭದ್ದಲ್ಲ. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಆರ್.ಸಿ.ಯ ಜೊತೆ ಹೋಲಿಸಬೇಕು. ಹದಿನೈದು ವರ್ಷ ಆದಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 2022ರಲ್ಲಿ ಇದರ ಶುಲ್ಕ ಕಾರಿಗೆ 600ರಿಂದ 5,000 ರೂಪಾಯಿಗೆ ಏರಿತು, 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಆಯಿತು. ಈಗ ಎಲ್ಲ ಕಾಂಟೆಸಾಗಳೂ ಇಪ್ಪತ್ತು ದಾಟಿವೆ. ವಿಂಟೇಜ್ ಎಂದು ನೋಂದಾಯಿಸೋಣ ಎಂದರೆ ಅದಕ್ಕೆ 50 ವರ್ಷ ಆಗಿರಬೇಕು. ಮೊಟ್ಟಮೊದಲ ಕಾಂಟೆಸಾಕ್ಕೂ 2034ರವರೆಗೆ ಆ ಭಾಗ್ಯವಿಲ್ಲ. ಅಲ್ಲಿಯವರೆಗೆ ಅದು ಮುಪ್ಪಿನ ಗೌರವವೂ ಇಲ್ಲದ, ಹರೆಯದ ರಿಯಾಯಿತಿಯೂ ಇಲ್ಲದ ನಡುವಯಸ್ಸಿನ ಸಂಸಾರಿ.

ಈಚೆಗೆ ಹೀಗೇ ಒಂದು ಗಾಡಿ ನೋಡಿದೆವು. ಬಿಳಿ ಬಣ್ಣ, ಇಸುಜು ಪೆಟ್ರೋಲ್. ಹಿಂದಿನ ಎರಡೂ ದೀಪ ಇಡಿಯಾಗಿದ್ದವು, ಬೀಡಿಂಗಿಗೆ ಮಂಗನ ಹಲ್ಲು ತಾಗಿರಲಿಲ್ಲ, ಅಯಸ್ಕಾಂತ ಬಹುತೇಕ ಎಲ್ಲ ಕಡೆ ಅಂಟಿತು. ಹೊಗೆ ಮಾತ್ರ ಧಾರಾಳವಾಗಿ ಬಿಡುತ್ತಿತ್ತು. ನಾನು ಹುಡುಗನಿಗೆ ಕಣ್ಣಲ್ಲೇ ಹೂಂ ಎಂದೆ. ಅವನಿಗೆ ಆಗ ಇದ್ದಕ್ಕಿದ್ದಂತೆ ಸಂಸಾರದ ಲೆಕ್ಕ ನೆನಪಾಯಿತು. "ಅಣ್ಣಾರ, ಲೀಟರಿಗೆ ಎಷ್ಟ ಕೊಡತೈತ್ರಿ?" ಎಂದ.

ಮಾರುವವರು ಹೆಗಲ ಮೇಲಿನ ಟವೆಲ್ ಕೊಡವಿ ಹೇಳಿದರು: "ಸಾಹುಕಾರ್ರು ಒಂದ್ ದಿನಾನೂ ಕೇಳಿಲ್ರಿ."