ತಾತನ ಅಂಬಾಸಿಡರ್ ಮತ್ತು ನನ್ನ 14.7

ಪೆಟ್ರೋಲ್ ಪೂರ್ತಿ ಉರಿಯೋಕೆ ಎಷ್ಟು ಗಾಳಿ ಬೇಕು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೀನಿ: ತೂಕದ ಲೆಕ್ಕದಲ್ಲಿ 1ಕ್ಕೆ 14.7. ಇಂಟರ್ನಲ್ಸ್‌ನಲ್ಲಿ ಇದಕ್ಕೆ ಪೂರ್ತಿ ಮಾರ್ಕ್ಸ್ ಬಂದಿತ್ತು. ಆ ಧೈರ್ಯದ ಮೇಲೇ ಕಳೆದ ರಜೆಯಲ್ಲಿ ತಾತನ 1978ರ ಅಂಬಾಸಿಡರ್‌ನ ಬಾನೆಟ್ ಎತ್ತಿದ್ದು.

ಸೈಲೆನ್ಸರ್‌ನಿಂದ ಕಪ್ಪು ಹೊಗೆ, ಶೆಡ್ ತುಂಬಾ ಪೆಟ್ರೋಲ್ ವಾಸನೆ. ಐಡ್ಲಿಂಗ್‌ನಲ್ಲಿ ಇಂಜಿನ್ ಕುಂಟುತ್ತಿತ್ತು. ಪ್ಲಗ್ ಬಿಚ್ಚಿದರೆ ತುದಿಯಲ್ಲೆಲ್ಲಾ ಕಾಡಿಗೆಯಂಥ ಮಸಿ. ರಿಚ್ ಮಿಕ್ಸ್ಚರ್, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ. "ಗುಜರಿಗೆ ಹಾಕೋಣ" ಅಂದಿದ್ದರು ಅಪ್ಪ. ತಾತ ಮಾತ್ರ, "ನಮ್ಮ ಹುಡುಗ ಇಂಜಿನಿಯರಿಂಗ್ ಓದ್ತಿದಾನೆ, ಅವನೇ ರೆಡಿ ಮಾಡ್ತಾನೆ" ಅಂತ ಶೆಡ್ಡಿನೊಳಗೇ ಕುರ್ಚಿ ಹಾಕ್ಕೊಂಡು ಕೂತುಬಿಟ್ಟರು.

ಈ ಕಾರಿನಲ್ಲಿರೋದು ಎಸ್‌ಯು ಕಾರ್ಬುರೇಟರ್. ಒಂದು ಜೆಟ್, ಅದರೊಳಗೆ ಇಳಿಯೋ ಚೂಪಾದ ಸೂಜಿ. ಜೆಟ್ ಕೆಳಗಿಳಿದಷ್ಟೂ ಸೂಜಿಯ ಸುತ್ತ ಸಂದು ದೊಡ್ಡದಾಗಿ ಪೆಟ್ರೋಲ್ ಜಾಸ್ತಿ ಬರುತ್ತೆ. ಜೆಟ್ ಎಷ್ಟು ಮೇಲೆ ನಿಲ್ಲಬೇಕು ಅನ್ನೋದನ್ನ ಅದರ ಕೆಳಗಿರೋ ಆರು ಮುಖದ ನಟ್ ತೀರ್ಮಾನಿಸುತ್ತೆ. ಸರಿ, ನಟ್ ಮೇಲಕ್ಕೆ ತಿರುಗಿಸಿದೆ. ಹೊಗೆ ಹಾಗೇ ಇತ್ತು. ಇನ್ನೂ ತಿರುಗಿಸಿದೆ. ಕೊನೆಗೆ ನಟ್ ತುದಿ ಮುಟ್ಟಿತು, ಹೊಗೆ ಮಾತ್ರ ಒಂದಿಷ್ಟೂ ಕಮ್ಮಿ ಆಗಲಿಲ್ಲ.

ಹೊರಗೆ ಮಳೆ ಅಂತ ಶೆಡ್ ಬಾಗಿಲು ಮುಕ್ಕಾಲು ಮುಚ್ಚಿದ್ದೆ. "ತಲೆ ಯಾಕೋ ಭಾರ ಕಣೋ" ಅಂದರು ತಾತ. "ಪೆಟ್ರೋಲ್ ವಾಸನೆಗೆ ತಾತ" ಅಂದೆ, ತಲೆಯೆತ್ತದೆ.

ಅಷ್ಟರಲ್ಲಿ ಹಿಂದಿನ ಬೀದಿಯ ಮೆಕ್ಯಾನಿಕ್ ಅಣ್ಣ ಬಂದರು. ಕಾರಿನ ಹತ್ತಿರಕ್ಕೂ ಬರದೆ ಮೊದಲು ಬಾಗಿಲು ಪೂರ್ತಿ ತಳ್ಳಿ, ಇಂಜಿನ್ ಆಫ್ ಮಾಡಿ, ತಾತನ ಕೈ ಹಿಡಿದು ಹೊರಗೆ ಜಗುಲಿ ಮೇಲೆ ಕೂರಿಸಿದರು. "ಯಜಮಾನ್ರನ್ನ ಹೊಗೆಯೊಳಗೆ ಕೂರಿಸಿ ಏನಪ್ಪಾ ಓದ್ತಿದೀಯ?"

ನಾಚಿಕೆ ಆಯ್ತು. ರಿಚ್ ಮಿಕ್ಸ್ಚರ್‌ನಲ್ಲಿ ಆಕ್ಸಿಜನ್ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹೆಚ್ಚಾಗುತ್ತೆ ಅಂತ ನಾನೇ ಪರೀಕ್ಷೆಯಲ್ಲಿ ಬರೆದಿದ್ದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಆಕ್ಸಿಜನ್‌ಗಿಂತ ಸುಮಾರು 200 ಪಟ್ಟು ಬಿಗಿಯಾಗಿ ಹಿಮೋಗ್ಲೋಬಿನ್ನನ್ನ ಹಿಡಿಯುತ್ತೆ. ಮೊದಲ ಲಕ್ಷಣವೇ ತಲೆನೋವು. ಉತ್ತರ ಪತ್ರಿಕೆಯಲ್ಲಿ ಬರೆದದ್ದು, ಪಕ್ಕದಲ್ಲೇ ಕೂತಿದ್ದ ತಾತನಿಗೂ ಅನ್ವಯಿಸುತ್ತೆ ಅಂತ ಹೊಳೆದಿರಲೇ ಇಲ್ಲ.

ತಾತ ಚೇತರಿಸಿಕೊಂಡ ಮೇಲೆ ಕಾರನ್ನ ಹೊರಗೆ ತಳ್ಳಿ ಸ್ಟಾರ್ಟ್ ಮಾಡಿದೆವು. ಅಣ್ಣ ಕಾರ್ಬುರೇಟರ್ ಕೆಳಗೆ ಬೆರಳು ಹಾಕಿ ಜೆಟ್ಟನ್ನ ಮೇಲಕ್ಕೆ ಒತ್ತಿದರು. ಅದು ಸರಕ್ಕನೆ ಮೇಲೇರಿತು, ಇಂಜಿನ್ ಕೆಮ್ಮಿ ನಿಂತೇ ಹೋಯ್ತು.

ವಿಷಯ ಇಷ್ಟೇ. ಚೋಕ್ ಎಳೆದಾಗ ಜೆಟ್ ಕೆಳಗಿಳಿಯುತ್ತೆ, ಬಿಟ್ಟಾಗ ಮೇಲೆ ಬಂದು ನಟ್‌ಗೆ ತಾಗಿ ನಿಲ್ಲಬೇಕು. ನಮ್ಮದು ಕೊಳೆ ಕಟ್ಟಿ ಕೆಳಗೇ ಸಿಕ್ಕಿಕೊಂಡಿತ್ತು. ಹಾಗಾಗಿ ನಟ್ ಎಷ್ಟು ತಿರುಗಿಸಿದರೂ ಜೆಟ್‌ಗೆ ಸಂಬಂಧವೇ ಇರಲಿಲ್ಲ. ಮೊದಲು ಇದ್ದದ್ದು ಒಂದು ತಪ್ಪು, ಎರಡನೆಯದನ್ನ ನಾನು ಸೇರಿಸಿದ್ದೆ.

ಜೆಟ್ ಬಿಚ್ಚಿ ತೊಳೆದು, ಚೋಕ್ ಕೇಬಲ್‌ಗೆ ಎಣ್ಣೆ ಬಿಟ್ಟೆವು. ನಟ್ಟನ್ನ ಪೂರ್ತಿ ಮೇಲೇರಿಸಿ, ಅಲ್ಲಿಂದ 12 ಮುಖ, ಅಂದರೆ ಎರಡು ಸುತ್ತು ಇಳಿಸಿದೆವು. ಇಂಜಿನ್ ಬಿಸಿಯಾದ ಮೇಲೆ ಕಾರ್ಬುರೇಟರ್‌ನ ಪಿಸ್ಟನ್ನನ್ನ ಪುಟ್ಟ ಪಿನ್‌ನಿಂದ ಒಂದು ಮಿಲಿಮೀಟರ್‌ಗೂ ಕಮ್ಮಿ ಎತ್ತಿ ಕೇಳೋದು. ವೇಗ ಏರಿ ಹಾಗೇ ಉಳಿದರೆ ರಿಚ್, ಬಿದ್ದರೆ ಲೀನ್. ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಸರಿ. ಒಂದೊಂದೇ ಮುಖ ತಿರುಗಿಸುತ್ತಾ ಐದನೇ ಸಲಕ್ಕೆ ಆ ಸದ್ದು ಸಿಕ್ಕಿತು.

ರಾತ್ರಿ ತಾತನಿಗೆ ಎಲ್ಲಾ ಹೇಳಿದೆ, ಬಾಗಿಲಿನ ವಿಷಯ, ತಲೆನೋವಿನ ಕಾರಣ ಸಮೇತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಳಗ್ಗೆ ಕೆರೆ ಏರಿ ತನಕ ಒಂದು ರೌಂಡ್ ಹೋಗೋಣ" ಅಂದರು.

ಹೋದೆವು. ಕಿಟಕಿ ನಾಲ್ಕೂ ಇಳಿಸಿಕೊಂಡು. ಅಪ್ಪ ಗುಜರಿ ಮಾತು ಸದ್ಯಕ್ಕೆ ಎತ್ತಿಲ್ಲ.