ಪಟ್ಟಾ ಇಲ್ಲದ ತೋಟ, ಬ್ರಿಟನ್ನಿನ ಎಂಬಿಎ

ಗೂಡಲೂರು 1877ರ ವರೆಗೆ ನೀಲಗಿರಿ ಜಿಲ್ಲೆಗೆ ಸೇರಿರಲಿಲ್ಲ. ಅದು ಮಲಬಾರಿನ ವಯನಾಡಿನ ಆಗ್ನೇಯ ಭಾಗವಾಗಿತ್ತು. ಇಂದಿಗೂ ಸುಲ್ತಾನ್ ಬತ್ತೇರಿಯ ಕಡೆಯಿಂದ ಪಾಟ್ಟವಯಲ್ ಗಡಿಯನ್ನು ದಾಟಿ ಹೋಗುವವನಿಗೆ ತಾನು ಘಟ್ಟದ ಮೇಲಿನ ಉದಕಮಂಡಲದ ಜಿಲ್ಲೆಯನ್ನು ಪ್ರವೇಶಿಸಿದೆನೆಂಬ ಭಾವನೆ ಹುಟ್ಟುವುದಿಲ್ಲ. ಅಡಿಕೆ, ಕರಿಮೆಣಸು, ಕಾಫಿ, ನಡುನಡುವೆ ಚಹಾ. ಅಂಗಡಿಯ ಫಲಕ ತಮಿಳು, ಅಂಗಡಿಯವನ ಮಾತು ಮಲಯಾಳ. ಗೂಡಲೂರಿನ ಬಸ್ ನಿಲ್ದಾಣವನ್ನು ತಲಪಿದರೆ ಮೈಸೂರಿನಿಂದ ಊಟಿಗೆ ಹೋಗುವ ಕರ್ನಾಟಕದ ಬಸ್ಸುಗಳು ನಿಂತಿರುತ್ತವೆ, ಕನ್ನಡವೂ ಕಿವಿಗೆ ಬೀಳುತ್ತದೆ. ಆ ಬಸ್ಸುಗಳಿಗೂ ಹೊತ್ತಿನ ಕಟ್ಟುಪಾಡು ಉಂಟು: 2009ರಿಂದ ಬಂಡೀಪುರದ ಕಾಡುದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ವರೆಗೆ ಸಂಚಾರ ನಿಷಿದ್ಧ.

ನಾನು ಈ ಸಲ ಅಲ್ಲಿಗೆ ಹೋದದ್ದು ವಿಹಾರಕ್ಕಲ್ಲ. ನನ್ನ ದೊಡ್ಡಪ್ಪ 1960ರ ದಶಕದಲ್ಲಿ ಕಾಸರಗೋಡಿನಿಂದ ಹೋಗಿ ಗೂಡಲೂರು ತಾಲೂಕಿನ ಎಸ್ಟೇಟೊಂದರಲ್ಲಿ ರೈಟರ ಕೆಲಸಕ್ಕೆ ಸೇರಿದವರು. ಅವರ ಮಗ, ನನಗೆ ಅಣ್ಣನಾಗಬೇಕಾದವನು, ಅಲ್ಲಿಯೇ ಮೂರು ಎಕರೆ ಚಹಾ ತೋಟ ಮಾಡಿಕೊಂಡಿದ್ದಾನೆ. ಅಣ್ಣನ ಮಗಳು ಹತ್ತನೆಯ ತರಗತಿಯ ವರೆಗೆ ನಮ್ಮೂರಿನ ಅಜ್ಜಿಮನೆಯಲ್ಲಿದ್ದು ಕನ್ನಡ ಮಾಧ್ಯಮದಲ್ಲಿ ಓದಿದಳು. ಪ್ಲಸ್ ಟು ಇಲ್ಲಿಯೇ, ಬಿ.ಕಾಂ. ಮಂಗಳೂರಿನಲ್ಲಿ. ನಾಲ್ಕು ವರ್ಷಗಳಿಂದ ಗೂಡಲೂರಿನ ಚಹಾ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡುತ್ತಿದ್ದಾಳೆ. ಈಗ ಬ್ರಿಟನ್ನಿನ ವಿಶ್ವವಿದ್ಯಾಲಯವೊಂದು ಒಂದು ವರ್ಷದ ಎಂಬಿಎಗೆ ಅವಳಿಗೆ ಸೀಟು ಕೊಟ್ಟಿದೆ. ಶುಲ್ಕ, ವಸತಿ, ವೀಸಾ, ಪ್ರಯಾಣ ಎಲ್ಲ ಕೂಡಿ 40 ಲಕ್ಷದ ಸಮೀಪ. ಕೈಯಲ್ಲಿರುವುದು 10 ಲಕ್ಷ. ಉಳಿದದ್ದಕ್ಕೆ ಬ್ಯಾಂಕು, ಬ್ಯಾಂಕಿಗೆ ಆಸ್ತಿಯ ದಾಖಲೆ, ದಾಖಲೆ ನೋಡಲು ನಾನು.

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದೇ: ಕನ್ನಡ ಮಾಧ್ಯಮದ ಮಕ್ಕಳಿಗೆ ಹೊರದೇಶದ ಇಂತಹ ಶಾಲೆಗಳು ಎಟುಕುತ್ತವೆಯೇ? ಇಂಗ್ಲಿಷಿನ ಭಯ ಅದರ ಹಿಂದಿದೆ. ಆ ಭಯಕ್ಕೆ ಅಳತೆಯುಳ್ಳ ಉತ್ತರವಿದೆ. ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂಬ ನಾಲ್ಕು ಭಾಗಗಳು. ಒಟ್ಟು ಅಳತೆ 9, ಎಂಬಿಎಗೆ ಸಾಮಾನ್ಯವಾಗಿ ಕೇಳುವುದು 6.5 ಅಥವಾ 7. ಅಂಕಗಳಿಗೆ ಎರಡು ವರ್ಷ ಮಾನ್ಯತೆ. ಜಿಮ್ಯಾಟ್ ಎಂಬುದು ಬೇರೆ, 45 ನಿಮಿಷಗಳ ಮೂರು ಭಾಗಗಳುಳ್ಳದ್ದು, ಅದರ ಅಂಕಗಳು ಐದು ವರ್ಷ ಊರ್ಜಿತ. ಬ್ರಿಟನ್ನಿನ ಅನೇಕ ಶಾಲೆಗಳು ಕೆಲಸದ ಅನುಭವವನ್ನು ನೋಡಿ ಅದನ್ನು ಬಿಟ್ಟುಕೊಡುತ್ತವೆ. ನಮ್ಮ ಹುಡುಗಿ ಎರಡನೆಯ ಪ್ರಯತ್ನದಲ್ಲಿ 7 ಪಡೆದಳು.

ತೊಡಕಾದದ್ದು ತನ್ನ ಬಗ್ಗೆ ಬರೆಯಬೇಕಾದ ಪ್ರಬಂಧ. ಏಜೆಂಟನೊಬ್ಬ ಉಚಿತವಾಗಿ ಬರೆದುಕೊಟ್ಟಿದ್ದ. (ಈ ಉಚಿತದ ಬೆಲೆಯನ್ನು ಹೆಚ್ಚಿನ ಸಂದರ್ಭಗಳಲ್ಲಿ ವಿಶ್ವವಿದ್ಯಾಲಯವೇ ಅವನಿಗೆ ಕಮಿಷನ್ ರೂಪದಲ್ಲಿ ತೆರುತ್ತದೆ, ಆದ್ದರಿಂದ ಅವನು ತೋರಿಸುವ ಪಟ್ಟಿ ಅವನದ್ದು, ನಿಮ್ಮದಲ್ಲ.) ಅದರಲ್ಲಿ ಬಾಲ್ಯದಿಂದಲೂ ನಾಯಕತ್ವದ ಕನಸು ಕಂಡವಳೆಂಬ ಯಾರೋ ಇದ್ದಳು. ಅದನ್ನು ಬದಿಗಿಟ್ಟು ಹುಡುಗಿ ತಾನೇ ಬರೆದದ್ದು ಮಳೆಗಾಲದ ಎಲೆ ತೂಕದ ಬಗ್ಗೆ. ಆಷಾಢದ ಮಳೆಯಲ್ಲಿ ಕಿತ್ತ ಎಲೆಯಲ್ಲಿ ನೀರು ಇರುತ್ತದೆಂದು ಕಾರ್ಖಾನೆಯವರು ತೂಕದಲ್ಲಿ ಒಂದಿಷ್ಟನ್ನು ಕಳೆಯುತ್ತಾರೆ. ಎಷ್ಟು ಕಳೆದರೆಂಬುದೇ ಸಣ್ಣ ಬೆಳೆಗಾರನ ನಿತ್ಯದ ಜಗಳ. ಕಳೆದ ತೂಕವನ್ನು ಪ್ರತಿಯೊಂದು ಚೀಟಿಯಲ್ಲಿ ಬೇರೆಯಾಗಿ ಬರೆದು ಕೊಡುವ ಪದ್ಧತಿಯನ್ನು ಅವಳು ತಂದಳು. ಮೊದಲು ಮಾಲೀಕರೂ ಸಿಡುಕಿದರು, ಬೆಳೆಗಾರರೂ ನಂಬಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಜಗಳ ಕಡಿಮೆಯಾಯಿತು. ಸಂದರ್ಶನದಲ್ಲಿ ಅರ್ಧ ಗಂಟೆ ಅದೊಂದನ್ನೇ ಕೇಳಿದರಂತೆ.

ಸೀಟು ಬಂದ ಮೇಲೆ ಅಣ್ಣನ ಟ್ರಂಕನ್ನು ತೆರೆದೆವು. ಅದರಲ್ಲಿ ಪಟ್ಟಾ ಇರಲಿಲ್ಲ.

ಇದು ಅವನೊಬ್ಬನ ಕಥೆಯಲ್ಲ. ಗೂಡಲೂರಿನ ನೆಲ ಹಿಂದೆ ಬಹುಪಾಲು ನಿಲಂಬೂರು ಕೋವಿಲಗದ ಜನ್ಮವಾಗಿತ್ತು. ತಮಿಳುನಾಡು ಸರಕಾರ 1969ರಲ್ಲಿ ಗೂಡಲೂರು ಜನ್ಮಂ ಎಸ್ಟೇಟುಗಳ ರದ್ದಿಯಾತಿಗಾಗಿ ಕಾಯಿದೆಯನ್ನು ತಂದಿತು. ಅದು ಜಾರಿಯಾದದ್ದು 1974ರ ನವೆಂಬರಿನಲ್ಲಿ. ಸ್ವಂತ ಸಾಗುವಳಿಗೆ ರೈತವಾರಿ ಪಟ್ಟಾ ಕೊಡುವ ದಾರಿ ಅದರಲ್ಲಿದೆ. ಆದರೆ ಜನ್ಮಿಯಿಂದ ಗುತ್ತಿಗೆಗೆ ಪಡೆದ ತೋಟಗಳ ಪ್ರಶ್ನೆ 17ನೆಯ ಕಲಮಿಗೆ ಸೇರಿತು. ಆ ಕಲಮಿನ ನೆಲ ಸರಕಾರ, ಕಂಪೆನಿ, ಅರಣ್ಯ ಇಲಾಖೆ, ಕೋರ್ಟು ಇವುಗಳ ನಡುವೆ ಐದು ದಶಕ ತೂಗಾಡಿತು. ಅದರಲ್ಲಿ ನೆಲೆಸಿದ ಸಣ್ಣವರು ಗಿಡ ನೆಟ್ಟರು, ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. ಪಟ್ಟಾ ಮಾತ್ರ ಬರಲಿಲ್ಲ.

ಕಾನೂನು ಕಲಿತವರಿಗೆ ಈ ಊರು ಪಠ್ಯದಲ್ಲಿಯೇ ಪರಿಚಿತ. ಕಾಡುಭೂಮಿಗೆ ಸಂಬಂಧಿಸಿದಂತೆ ಈ ಕಾಯಿದೆಯನ್ನು ಸುಪ್ರೀಂ ಕೋರ್ಟು 1972ರಲ್ಲಿ ಬಾಲ್‌ಮಾಡೀಸ್ ಪ್ಲಾಂಟೇಶನ್ಸ್ ಮೊಕದ್ದಮೆಯಲ್ಲಿ ತಳ್ಳಿಹಾಕಿತು. ಸಂಸತ್ತು 34ನೆಯ ತಿದ್ದುಪಡಿಯಿಂದ ಇಡೀ ಕಾಯಿದೆಯನ್ನು ಒಂಬತ್ತನೆಯ ಅನುಸೂಚಿಯ ಆಶ್ರಯಕ್ಕೆ ಸೇರಿಸಿತು. ಹಾಗೆ ಸೇರಿಸಿದರೆ ಪ್ರಶ್ನೆಗೆ ಅತೀತವೇ ಎಂಬುದನ್ನು ಒಂಬತ್ತು ನ್ಯಾಯಾಧೀಶರು ಐ. ಆರ್. ಕೊಯೆಲೊ ಮೊಕದ್ದಮೆಯಲ್ಲಿ 2007ರ ಜನವರಿ 11ರಂದು ತೀರ್ಮಾನಿಸಿದರು: 1973ರ ಏಪ್ರಿಲ್ 24ರ ನಂತರ ಸೇರಿದ ಕಾಯಿದೆಗಳನ್ನು ಪ್ರಶ್ನಿಸಬಹುದು. ಆ ದಿನಾಂಕ ನಮ್ಮದು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಮೊಕದ್ದಮೆಯ ತೀರ್ಪು ಹೊರಬಿದ್ದ ದಿನ. 1995ರಲ್ಲಿ ಇದೇ ಗೂಡಲೂರಿನ ಮರ ಕಡಿತದ ವಿರುದ್ಧ ಕೋವಿಲಗದ ಟಿ. ಎನ್. ಗೋದವರ್ಮನ್ ತಿರುಮುಲ್ಪಾಡ್ ಹೂಡಿದ ಅರ್ಜಿಯಿಂದ ದೇಶದ ಅರಣ್ಯಗಳ ಕಾನೂನೇ ಬದಲಾಯಿತು. ಇಷ್ಟು ದೊಡ್ಡ ತೀರ್ಪುಗಳನ್ನು ಹೆತ್ತ ನೆಲದಲ್ಲಿ ಅಣ್ಣನ ಮೂರು ಎಕರೆಯ ಬೆಲೆ ಬ್ಯಾಂಕಿನ ಪುಸ್ತಕದಲ್ಲಿ ಸೊನ್ನೆ.

ಬ್ಯಾಂಕುಗಳು ಅನುಸರಿಸುವ ಮಾದರಿ ವಿದ್ಯಾಸಾಲ ಯೋಜನೆಯಂತೆ 7.5 ಲಕ್ಷಕ್ಕಿಂತ ಮೇಲಿನ ಸಾಲಕ್ಕೆ ಆಸ್ತಿಯ ಅಡಮಾನ. ಓದುವ ಅವಧಿಗೆ ಒಂದು ವರ್ಷ ಕೂಡಿಸಿ ಅಲ್ಲಿಯ ವರೆಗೆ ಕಂತು ಇಲ್ಲ, ನಂತರ 15 ವರ್ಷಗಳ ವರೆಗೆ ಅವಕಾಶ. ಕೆಲವು ದೊಡ್ಡ ಹೆಸರಿನ ಶಾಲೆಗಳಿಗೆ ಅಡಮಾನವಿಲ್ಲದೆ ಕೊಡುವುದೂ ಉಂಟು. ಇವಳ ಶಾಲೆ ಆ ಪಟ್ಟಿಯಲ್ಲಿರಲಿಲ್ಲ. ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆ ದೇಶದೊಳಗಿನ ಸಂಸ್ಥೆಗಳಿಗೆ ಮಾತ್ರ.

ಮರುದಿನ ನಡುವಟ್ಟಂ, ಪೈಕಾರ ಮಾರ್ಗವಾಗಿ ಊಟಿಗೆ ಹೋದೆವು. ಅಲ್ಲಿ ಕೆಲಸವಿದ್ದದ್ದು ಹೆಸರಿನದ್ದು. ಹುಡುಗಿಯ ಶಾಲಾ ದಾಖಲೆಯಲ್ಲಿ ಇನಿಶಿಯಲ್ ಹಿಂದೆ, ಪದವಿ ಪತ್ರದಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೇ ಕುಲನಾಮ. ತಂದೆಯ ಹೆಸರಾದರೋ ಮಲಯಾಳ, ತಮಿಳು, ಇಂಗ್ಲಿಷುಗಳಲ್ಲಿ ಹಾದು ಮೂರು ಬಗೆಯ ಕಾಗುಣಿತ ತಳೆದಿತ್ತು. ಕುಲನಾಮದ ಅಂಕಣವನ್ನು ಬರಿದಾಗಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಹೆಸರಿನ ಸ್ಥಾನದಲ್ಲಿ 'ಹೆಸರು ತಿಳಿಯದು' ಎಂಬರ್ಥದ ಎಫ್‌ಎನ್‌ಯು ಎಂಬ ಮೂರಕ್ಷರ ಬೀಳುತ್ತದೆ. ಗಡಿನಾಡಿನ ಮನೆಗಳಲ್ಲಿ ಇದು ಸಾಮಾನ್ಯ. ಮಗು ಒಂಬತ್ತನೆಯ ತರಗತಿಯಲ್ಲಿರುವಾಗಲೇ ಜನನ ಪತ್ರ, ಆಧಾರ್, ಶಾಲಾ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮುಂದೆ ಅಫಿಡವಿತ್ತುಗಳ ಕಟ್ಟು ಬೇಕಾಗದು.

ಕೆಲಸ ಮುಗಿದ ಮೇಲೆ ಅರ್ಧ ದಿನ ಉಳಿಯಿತು. ಕೇತಿಯನ್ನು ನೋಡಬೇಕೆಂದು ಹುಡುಗಿ ಹೇಳಿದಳು. ಮಂಗಳೂರಿನಲ್ಲಿ ನೆಲೆಯೂರಿದ್ದ ಬಾಸೆಲ್ ಮಿಶನ್ 1846ರಲ್ಲಿ ಇಲ್ಲಿಗೆ ಬಂದು ಬಡಗರ ಮಕ್ಕಳಿಗೆ ಶಾಲೆ ನಡೆಸಿದಾಗ ಕಲಿಸಿದ ಭಾಷೆ ಕನ್ನಡ. ಬಡಗ ನುಡಿಯಲ್ಲಿ ಲೂಕನ ಸುವಾರ್ತೆ 1890ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ, ಕನ್ನಡ ಲಿಪಿಯಲ್ಲಿ. ಕಣಿವೆಯ ಆಚೆ ಕೂನೂರಿನ ಸಮೀಪ ಹುಬ್ಬತಲೆ. ಪದವಿ ಪಡೆದ ಮೊದಲ ಬಡಗರೆಂದು ಹೆಸರಾದ ಎಚ್. ಬಿ. ಆರಿ ಗೌಡರು ಅಲ್ಲಿಯವರು. ಸ್ಕೌಟ್ ತಂಡದ ನಾಯಕರಾಗಿ ಯುರೋಪಿಗೆ ಹೋಗಿ ಬಂದವರು. ಬೆಟ್ಟದ ಆಲೂಗಡ್ಡೆ ಬೆಳೆಗಾರರು ಮೇಟ್ಟುಪಾಳಯದ ಮಂಡಿಯವರ ಕೈಗೆ ಸಿಕ್ಕಿ ನಲುಗದಂತೆ ನೀಲಗಿರಿ ಸಹಕಾರಿ ಮಾರಾಟ ಸಂಘವನ್ನು ಬೆಳೆಸಿದವರಲ್ಲಿ ಅವರೇ ಮುಂದಾಳು. ಎಲೆ ತೂಕದ ಚೀಟಿ ಬರೆದವಳಿಗೆ ಇದು ಬೇರೆ ಯಾವ ಮಾತಿಗಿಂತಲೂ ಹೆಚ್ಚು ಹಿಡಿಸಿತು.

ಊಟಿಯಿಂದ ಕಲ್ಹಟ್ಟಿ ಘಟ್ಟದ 36 ತಿರುವುಗಳನ್ನು ಸರಕಾರಿ ಬಸ್ಸಿನಲ್ಲಿ ಇಳಿದರೆ ಮಸಿನಗುಡಿ. ಮೇಲಿನ ಚಳಿ ಒಂದು ಗಂಟೆಯೊಳಗೆ ಕುರುಚಲು ಕಾಡಿನ ಬಿಸಿಲಾಗುತ್ತದೆ. ಅಲ್ಲಿ ಹುಡುಗಿಯ ಅತ್ತೆ, ನನಗೆ ಅಕ್ಕ, ಇದ್ದಾಳೆ. ಭಾವ ಸಿಂಗಾರದ ವಿದ್ಯುದಾಗಾರದಲ್ಲಿ ನೌಕರಿಯಲ್ಲಿದ್ದು ತೀರಿಕೊಂಡರು. 20 ಸೆಂಟ್ಸ್ ಜಾಗ, ಹಂಚಿನ ಮನೆ, ಅವಳ ಹೆಸರಿನಲ್ಲಿ ಪಟ್ಟಾ. ಇಡೀ ಕುಟುಂಬದಲ್ಲಿ ಬ್ಯಾಂಕು ಒಪ್ಪುವ ಕಾಗದ ಇದೊಂದೇ. ಅಲ್ಲಿಯೂ ಒಂದು ಪರೀಕ್ಷೆ ಇತ್ತು. 2010ರಲ್ಲಿ ಅಧಿಸೂಚಿಸಿದ ಸಿಗೂರು ಆನೆ ಪಥವನ್ನು ಸುಪ್ರೀಂ ಕೋರ್ಟು 2020ರ ಅಕ್ಟೋಬರ್ 14ರಂದು ಎತ್ತಿಹಿಡಿದಿದೆ. ಅದರೊಳಗಿನ ಜಾಗವಾದರೆ ಅಡಮಾನದ ಮಾತೇ ಇಲ್ಲ. ಸರ್ವೆ ನಂಬರನ್ನು ತಾಳೆ ನೋಡಿದೆ. ಅಕ್ಕನ ಮನೆ ಹೊರಗಿತ್ತು.

"ಹಾಗಾದರೆ ಎಲ್ಲಿ ಸಹಿ ಹಾಕಬೇಕು ಹೇಳು ತಮ್ಮಾ," ಎಂದಳು ಅಕ್ಕ.

ವಕೀಲನ ಕೆಲಸ ಇರುವುದು ಈ ಮಾತು ಬಂದ ಮೇಲೆ. ಕಂತು 90 ದಿನ ನಿಂತರೆ ಸಾಲ ವಸೂಲಾಗದ ಲೆಕ್ಕಕ್ಕೆ ಸೇರುತ್ತದೆ. 2002ರ ಸರ್ಫೇಸಿ ಕಾಯಿದೆಯಂತೆ 60 ದಿನಗಳ ನೋಟೀಸು ಕೊಟ್ಟು ಬ್ಯಾಂಕು ಕೋರ್ಟಿಗೆ ಹೋಗದೆಯೇ ಹರಾಜಿಗೆ ಇಳಿಯಬಹುದು. ಕೃಷಿಭೂಮಿಗೆ ಆ ಕಾಯಿದೆ ತಗಲದು, ವಾಸದ ಮನೆಗೆ ತಗಲುತ್ತದೆ. ಬ್ಯಾಂಕುಗಳು ಮನೆಯನ್ನೇ ಮೆಚ್ಚಲು ಒಂದು ಕಾರಣ ಇದು. 30 ಲಕ್ಷಕ್ಕೆ ಶೇಕಡಾ 11ರ ಬಡ್ಡಿಯಲ್ಲಿ 15 ವರ್ಷದ ಕಂತು ತಿಂಗಳಿಗೆ ಸುಮಾರು 34,000 ರೂಪಾಯಿ, ಅದೂ ಓದುವ ಕಾಲದ ಬಡ್ಡಿಯನ್ನು ಆಗಲೇ ಕಟ್ಟಿದರೆ. ಬ್ರಿಟನ್ನಿನಲ್ಲಿ ಕೆಲಸ ಸಿಕ್ಕಿದರೆ ಅದು ದೊಡ್ಡ ಮೊತ್ತವಲ್ಲ. ಆದರೆ ಓದಿನ ನಂತರ ಅಲ್ಲಿ ಉಳಿದು ಕೆಲಸ ಹುಡುಕಲು ಇರುವ ಎರಡು ವರ್ಷಗಳ ಅವಕಾಶ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ಕೆಲಸ ಸಿಗದೆ ಮರಳಿ ಗೂಡಲೂರಿನ ಕಾರ್ಖಾನೆಗೆ ಬಂದರೆ ಅವಳ ಇಡೀ ಸಂಬಳ ಕಂತಿಗೆ ಸಾಲದು. ಇದನ್ನೆಲ್ಲ ಅಕ್ಕನಿಗೆ ಒಂದೊಂದಾಗಿ, ಎರಡು ಸಲ ಓದಿ ಹೇಳಿದೆ.

ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಮತ್ತೆ ಹುಡುಗಿಯತ್ತ ತಿರುಗಿ, "ನೀನು ಹೋಗುವುದಕ್ಕೆ ನನ್ನ ತಕರಾರಿಲ್ಲ ಮಗಾ. ಆದರೆ ಮನೆ ಹೋದರೆ ನಾನು ಯಾರ ಜಗಲಿಯಲ್ಲಿ ಇರಬೇಕು, ಅದನ್ನೊಂದು ಹೇಳು," ಎಂದಳು.

ಹುಡುಗಿ ಹೇಳಲಿಲ್ಲ. ರಾತ್ರಿ ನನ್ನೊಡನೆ ಕೂತು ಬೇರೆ ಲೆಕ್ಕ ತೆಗೆದಳು. "ಚಿಕ್ಕಪ್ಪಾ, ಒಂದು ವರ್ಷ ಮುಂದೂಡಿದರೆ ಸೀಟು ಉಳಿಯುತ್ತದೆಯೇ?" ಅನೇಕ ಶಾಲೆಗಳು ಮುಂಗಡ ಕಟ್ಟಿಸಿಕೊಂಡು ಒಂದು ವರ್ಷ ಕಾದಿರಿಸುತ್ತವೆ, ಬರವಣಿಗೆಯಲ್ಲಿ ಕೇಳಿ ಬರವಣಿಗೆಯಲ್ಲೇ ಉತ್ತರ ಪಡೆಯಬೇಕು. ಆ ವರ್ಷದೊಳಗೆ ಬ್ರಿಟಿಷ್ ಸರಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಎರಡು ವರ್ಷದ ಕೆಲಸದ ಅನುಭವ ಬೇಕು, ಅವಳಿಗೆ ನಾಲ್ಕು ಇದೆ. ಓದಿದ ಮೇಲೆ ಎರಡು ವರ್ಷ ಊರಿನಲ್ಲಿರಬೇಕೆಂಬ ಷರತ್ತು ಇದೆ. ಎಂಬಿಎ ಶುಲ್ಕಕ್ಕೆ ಮಿತಿಯೂ ಇದೆ. ಪೈಪೋಟಿ ಕಠಿಣ. ಆದರೆ ಯಾರ ಮನೆಯ ಪಟ್ಟಾವನ್ನೂ ಅದು ಕೇಳುವುದಿಲ್ಲ. 1892ರಲ್ಲಿ ಆರಂಭವಾದ ಜೆ. ಎನ್. ಟಾಟಾ ದತ್ತಿನಿಧಿಯ ಸಾಲರೂಪದ ವಿದ್ಯಾರ್ಥಿವೇತನವೂ ಅವಳ ಪಟ್ಟಿಗೆ ಸೇರಿತು. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಹೆಚ್ಚಿನ ಕಡೆ ಇಲ್ಲವೆಂಬುದು ನಿಜ. ಆದರೆ ಎಂಬಿಎಗೆ ಅಲ್ಲಿಯೂ ಶುಲ್ಕ ಉಂಟು, ಖರ್ಚಿಗೆ ವರ್ಷಕ್ಕೆ 11,904 ಯೂರೋವನ್ನು ಮೊದಲೇ ಖಾತೆಯಲ್ಲಿ ಕಟ್ಟಿಡಬೇಕು. ಅದನ್ನು ಗೀಟು ಹಾಕಿ ಬಿಟ್ಟಳು.

ಬೆಳಗ್ಗೆ ಅಕ್ಕ ರಾಗಿ ರೊಟ್ಟಿ ಕಟ್ಟಿಕೊಟ್ಟಳು. ಪಟ್ಟಾವನ್ನು ನನ್ನ ಕೈಯಿಂದ ತೆಗೆದು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಅಣ್ಣ ಫೋನಿನಲ್ಲಿ ಒಂದು ಮಾತೂ ಆಡದೆ ಎಲ್ಲವನ್ನೂ ಕೇಳಿ, ತನ್ನ ಜಾಗಕ್ಕೆ ಸಂಬಂಧಿಸಿ ಹಿಂದಿನ ತೆರಿಗೆಯ ರಸೀದಿಗಳನ್ನು ಹುಡುಕಿ ಇಡುತ್ತೇನೆ ಎಂದ. ಚೀವ್ನಿಂಗಿನ ಅರ್ಜಿ ಆಗಸ್ಟಿನ ಸುಮಾರಿಗೆ ತೆರೆಯುತ್ತದೆ. ಅಷ್ಟರೊಳಗೆ ಕಾರ್ಖಾನೆಯ ಮಾಲೀಕರಿಂದ ಶಿಫಾರಸು ಪತ್ರ ಬರೆಸಿಕೊಳ್ಳಬೇಕು. ಎಲೆ ತೂಕದ ಚೀಟಿಗೆ ಮೊದಲು ಸಿಡುಕಿದವರು ಅವರೇ ಎಂದು ನಗುತ್ತ ಹುಡುಗಿ ಗೂಡಲೂರಿನ ಬಸ್ಸು ಹತ್ತಿದಳು.